ನೆರೆಯವರಾಗಿ ಬಂದವರು

ನಿಮ್ಮ ನಡುಮನೆಯ ಮೇಜಿನ ಮೇಲೆ ಕುಳಿತು ಹಾಡುವ, ವಾರ್ತೆ ಹೇಳುವ ರೇಡಿಯೋ ಪೆಟ್ಟಿಗೆಗೂ ಲಂಡನ್ ನಗರದ ಒಂದು ಬಡ ಕೇರಿಗೂ ಹಳೆಯ ನಂಟುಂಟು. 1896ನೆಯ ಇಸವಿ ಡಿಸೆಂಬರ್ 12ರಂದು ಆ ಕೇರಿಯ ಒಂದು ಸಭಾಮಂದಿರದಲ್ಲಿ ಬ್ರಿಟಿಷ್ ಅಂಚೆ ಇಲಾಖೆಯ ಮುಖ್ಯ ಎಂಜಿನಿಯರ್ ವಿಲಿಯಂ ಪ್ರೀಸ್ ಎಂಬವರು ತಂತಿಯ ಹಂಗಿಲ್ಲದೆ ವರ್ತಮಾನ ಕಳುಹಿಸುವ ವಿಷಯವಾಗಿ ಉಪನ್ಯಾಸ ಮಾಡಿದರು. ಅವರ ಮುಂದೆ ಒಂದು ಪೆಟ್ಟಿಗೆ. ಅಂಥದೇ ಇನ್ನೊಂದು ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಇಟಲಿಯ ತರುಣನೊಬ್ಬ ಸಭಿಕರ ನಡುವೆ ಅತ್ತಿಂದಿತ್ತ ಓಡಾಡುತ್ತಿದ್ದ. ಪ್ರೀಸ್ ಇಲ್ಲಿ ಕೀಲಿಯನ್ನು ಒತ್ತಿದಾಗಲೆಲ್ಲ ಅಲ್ಲಿ ತರುಣನ ಕೈಯ ಪೆಟ್ಟಿಗೆಯೊಳಗೆ ಗಂಟೆ ಬಾರಿಸುತ್ತಿತ್ತು. ಎರಡರ ನಡುವೆ ತಂತಿ ಇರಲಿಲ್ಲ. ಆ ತರುಣನೇ ಮಾರ್ಕೋನಿ. ಆಗ ಅವನಿಗೆ 22 ವರ್ಷ. ನಮ್ಮ ಜಗದೀಶಚಂದ್ರ ಬೋಸರು ಅದಕ್ಕೆ ಮೊದಲೇ ಕಲ್ಕತ್ತೆಯಲ್ಲಿ ಇಂಥದೇ ಅದ್ಭುತವನ್ನು ತೋರಿಸಿದ್ದರೆಂಬುದನ್ನು ಮರೆಯುವಂತಿಲ್ಲ. ಆದರೆ ಮಾರ್ಕೋನಿಯ ಉಪಕರಣವು ಸಾರ್ವಜನಿಕರ ಕಣ್ಣೆದುರಿಗೆ ಬಂದದ್ದು ಆ ದಿನವೇ ಮೊದಲು.

ಅದನ್ನು ಪಂಡಿತರ ಪರಿಷತ್ತಿನಲ್ಲಿ ತೋರಿಸದೆ, ಹಡಗುಕಟ್ಟೆಯ ಕೂಲಿಗಳೂ ದರ್ಜಿಗಳೂ ವಾಸಿಸುವ ವೈಟ್‌ಚಾಪೆಲ್ ಎಂಬ ಕೇರಿಯಲ್ಲಿ ತೋರಿಸಿದ್ದೇಕೆ ಎಂದು ನೀವು ಕೇಳಬಹುದು. ಆ ಮಂದಿರದ ಹೆಸರು ಟಾಯ್ನ್‌ಬೀ ಹಾಲ್. ನಾಡಿನ ವಿದ್ಯೆಯಲ್ಲಿ ಒಳ್ಳೆಯದು ಏನಿದೆಯೋ ಅದು ಬಡವರ ಬಾಗಿಲಿಗೂ ಬರಬೇಕೆಂಬುದೇ ಅದರ ವ್ರತ. ಇಂದು ಲೋಕದ ಅನೇಕ ನಗರಗಳಲ್ಲಿ ಬಡ ಬಡಾವಣೆಗಳ ಕುಟುಂಬಗಳಿಗೆ ಆಸರೆಯಾಗಿರುವ ಸಮುದಾಯ ಕೇಂದ್ರಗಳಿಗೆ ಈ ಮನೆ ಒಂದು ಮೂಲ. ಅದರ ಕಥೆಯನ್ನೂ, ಅದಕ್ಕಿಂತ ಮುಂದೆ ಹೋದ ಅದರ ತಂಗಿಮನೆಯ ಕಥೆಯನ್ನೂ ಇಂದು ನಿಮ್ಮ ಮುಂದಿಡುತ್ತೇನೆ.

1873ರಲ್ಲಿ ಸ್ಯಾಮ್ಯುಯೆಲ್ ಬಾರ್ನೆಟ್ ಎಂಬ ಪಾದ್ರಿ ತಮ್ಮ ಮಡದಿ ಹೆನ್ರಿಯೆಟಾ ಅವರೊಡನೆ ವೈಟ್‌ಚಾಪೆಲ್ಲಿನ ಸೇಂಟ್ ಜೂಡ್ ಚರ್ಚಿಗೆ ಬಂದರು. ಇಕ್ಕಟ್ಟಾದ ಓಣಿಗಳು, ಒಂದೇ ಕೋಣೆಯಲ್ಲಿ ಇಡೀ ಸಂಸಾರ, ಇಂದು ಕೆಲಸ ಉಂಟು ನಾಳೆ ಇಲ್ಲ ಎಂಬ ಬಾಳು. ಇದು ಅವರು ಕಂಡ ನೋಟ. ಇಂಥ ಕೇರಿಗಳಿಗೆ ದಾನ ಬರುತ್ತಿರಲಿಲ್ಲವೆಂದಲ್ಲ. ಲಂಡನ್ನಿನ ಪಶ್ಚಿಮ ಭಾಗದ ಧನಿಕರು ಧಾರಾಳವಾಗಿಯೇ ಕಾಸು ಕಳುಹಿಸುತ್ತಿದ್ದರು. ಆದರೆ ಕೊಟ್ಟವರು ಪಡೆದವರ ಮುಖ ನೋಡಿದವರಲ್ಲ. ಪಡೆದವರಿಗೆ ಕೊಟ್ಟವರ ಗುರುತಿಲ್ಲ. ಬಾಗಿಲಿಗೆ ಬಂದವರ ಕೈಯಲ್ಲಿ ಕಾಸಿಟ್ಟು ಕಳುಹಿಸುವ ಪದ್ಧತಿಯನ್ನು ಬಾರ್ನೆಟ್ ದಂಪತಿಗಳು ನಿಲ್ಲಿಸಿದಾಗ ಜನ ಸಿಟ್ಟಿಗೆದ್ದರು. ಸಿಟ್ಟು ಸಹಜವೇ. ಕಾಸಿನ ಬದಲು ಏನನ್ನು ಕೊಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬೇಕಾಗಿತ್ತು.

ಉತ್ತರ ದೊರೆಯಲು ಹತ್ತು ವರ್ಷ ಹಿಡಿಯಿತು. 1883ರಲ್ಲಿ ಬಾರ್ನೆಟ್ಟರು ಆಕ್ಸ್‌ಫರ್ಡಿಗೆ ಹೋಗಿ ವಿದ್ಯಾರ್ಥಿಗಳ ಮುಂದೆ ಒಂದು ಸಲಹೆಯನ್ನಿಟ್ಟರು. ಬಡವರನ್ನು ನೋಡಲು ಬಂದು ಹೋಗಬೇಡಿ, ಬಂದು ಇರಿ. ಓದು ಮುಗಿಸಿದ ತರುಣರು ಕೇರಿಯಲ್ಲೇ ಬಿಡಾರ ಹೂಡಲಿ. ಹಗಲು ತಮ್ಮ ಉದ್ಯೋಗ ನೋಡಿಕೊಂಡು ಸಂಜೆ ನೆರೆಯವರೊಡನೆ ಕಳೆಯಲಿ. ತಮಗೆ ತಿಳಿದುದನ್ನು ಕಲಿಸಲಿ, ತಿಳಿಯದುದನ್ನು ಕಲಿಯಲಿ. ಇದಕ್ಕೆ ಅವರು ಇಟ್ಟ ಹೆಸರು ‘ಸೆಟ್ಲ್‌ಮೆಂಟ್’; ನಮ್ಮ ಮಾತಿನಲ್ಲಿ ಬಿಡಾರವೆಂದೇ ಹೇಳಬಹುದು. ಅದೇ ವರ್ಷ, ಬಡವರ ವಿಷಯದಲ್ಲಿ ಬಹಳ ಕಳಕಳಿಯಿದ್ದ ಆರ್ನಾಲ್ಡ್ ಟಾಯ್ನ್‌ಬೀ ಎಂಬ ಆಕ್ಸ್‌ಫರ್ಡಿನ ತರುಣ ಅಧ್ಯಾಪಕರು 30ನೆಯ ವಯಸ್ಸಿನಲ್ಲೇ ತೀರಿಕೊಂಡಿದ್ದರು. ನಾಗರಿಕತೆಗಳ ಚರಿತ್ರೆ ಬರೆದ ಪ್ರಸಿದ್ಧ ಟಾಯ್ನ್‌ಬೀ ಇವರಲ್ಲ. ಅವರು ಇವರ ಅಣ್ಣತಮ್ಮಂದಿರ ಪೈಕಿ ಒಬ್ಬರ ಮಗ. ತೀರಿಕೊಂಡ ಗೆಳೆಯನ ಹೆಸರನ್ನೇ ಹೊಸ ಮನೆಗೆ ಇಟ್ಟರು. 1884ರ ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಮೊದಲ ನಿವಾಸಿಗಳು ಅಲ್ಲಿ ಮಲಗಿದರು.

ಮುಂದಿನ ವರ್ಷಗಳಲ್ಲಿ ಅಲ್ಲಿ ಸಂಜೆ ತರಗತಿಗಳು ನಡೆದವು, ಉಪನ್ಯಾಸಗಳು ನಡೆದವು, ವಕೀಲರ ಫೀಜು ಕೊಡಲಾರದವರಿಗೆ ಕಾನೂನಿನ ಸಲಹೆ ದೊರೆಯಿತು. ಕೇರಿಯ ಮಕ್ಕಳನ್ನು ಹಳ್ಳಿಗಾಡಿಗೆ ಕರೆದೊಯ್ದು ಹಸಿರು ತೋರಿಸುವ ಕಾರ್ಯಕ್ಕೆ ಬಾರ್ನೆಟ್ ದಂಪತಿಗಳು ಆಸರೆಯಾದರು. ಅವರು ವರ್ಷ ವರ್ಷವೂ ಏರ್ಪಡಿಸುತ್ತಿದ್ದ ಚಿತ್ರಪ್ರದರ್ಶನವೇ ಬೆಳೆದು 1901ರಲ್ಲಿ ವೈಟ್‌ಚಾಪೆಲ್ ಚಿತ್ರಶಾಲೆಯಾಯಿತು. ಮಾರ್ಕೋನಿಯ ಗಂಟೆ ಅಲ್ಲಿ ಏಕೆ ಬಾರಿಸಿತೆಂಬುದು ಈಗ ನಿಮಗೆ ತಿಳಿದಿರಬೇಕು.

ಆದರೂ ಈ ಮನೆಗೆ ಒಂದು ಕೊರತೆಯಿತ್ತು. ಅಲ್ಲಿನ ನಿವಾಸಿಗಳು ಗಂಡಸರು, ಬಹುಪಾಲು ಅವಿವಾಹಿತ ತರುಣರು. ಕೆಲವು ತಿಂಗಳೋ ವರ್ಷವೋ ಇದ್ದು ಹೊರಟುಹೋಗುವವರು. ಕೇರಿಯ ಅಡುಗೆಮನೆ, ಬಾಣಂತಿಯ ಕೋಣೆ, ತೊಟ್ಟಿಲು ಇವರ ಕಣ್ಣಿಗೆ ಬೀಳುವುದು ಹೇಗೆ? ಅದೇ ಭಾಗದ ಕಾರ್ಮಿಕ ಮುಖಂಡ ಜಾರ್ಜ್ ಲ್ಯಾನ್ಸ್‌ಬರಿ ಮುಂದೆ ಇದನ್ನೇ ಕಟುವಾಗಿ ಆಡಿದರು: ಉತ್ಸಾಹದಿಂದ ಬಂದ ತರುಣರು ದೊಡ್ಡ ದೊಡ್ಡ ಹುದ್ದೆಗಳಿಗೆ ಏರಿದರು, ಬಡವರು ಇದ್ದಲ್ಲೇ ಉಳಿದರು ಎಂಬುದು ಅವರ ಆಕ್ಷೇಪಣೆಯ ಸಾರ. ಈ ಕೊರತೆಯನ್ನು ತುಂಬಿದವರು ಕಡಲಾಚೆಯಿಂದ ಬಂದ ಒಬ್ಬ ಅತಿಥಿ.

1888ರಲ್ಲಿ ಟಾಯ್ನ್‌ಬೀ ಹಾಲನ್ನು ನೋಡಲು ಅಮೆರಿಕದಿಂದ ಜೇನ್ ಆ್ಯಡಮ್ಸ್ ಎಂಬ ತರುಣಿ ಬಂದರು. ಉಳ್ಳವರ ಮನೆಯ ಮಗಳು; ಕಾಲೇಜು ಓದಿದವರು; ಓದಿದ್ದನ್ನು ಏನು ಮಾಡಬೇಕೆಂದು ತೋಚದೆ ವರ್ಷಗಟ್ಟಲೆ ಕೊರಗಿದವರು. ಊರಿಗೆ ಹಿಂತಿರುಗಿ, ತಮ್ಮ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಅವರೊಡನೆ 1889ರ ಸೆಪ್ಟೆಂಬರ್ 18ರಂದು ಚಿಕಾಗೋ ನಗರದಲ್ಲಿ ಬಿಡಾರ ಹೂಡಿದರು. ನಾಲ್ಕು ವರ್ಷಗಳ ತರುವಾಯ ಸ್ವಾಮಿ ವಿವೇಕಾನಂದರ ಧ್ವನಿ ಮೊಳಗಿದ ಊರು ಅದೇ. ಹಾಲ್ಸ್ಟೆಡ್ ಬೀದಿಯಲ್ಲಿ ಚಾರ್ಲ್ಸ್ ಹಲ್ ಎಂಬ ಶ್ರೀಮಂತ ಹಿಂದೊಮ್ಮೆ ಕಟ್ಟಿಸಿದ್ದ ದೊಡ್ಡ ಮನೆ. ಸುತ್ತ ಈಗ ಕಾರ್ಖಾನೆ, ವಠಾರ, ಕಸದ ಪೆಟ್ಟಿಗೆಗಳು. ಇಟಲಿ, ಐರ್ಲೆಂಡ್, ಜರ್ಮನಿ, ಬೊಹೀಮಿಯಾಗಳಿಂದಲೂ ಪೋಲೆಂಡ್ ರಷ್ಯಗಳಿಂದಲೂ ಹೊಟ್ಟೆಪಾಡಿಗೆ ಬಂದ ಸಂಸಾರಗಳು. ಮನೆಗೆ ಹಳೆಯ ಹೆಸರೇ ನಿಂತಿತು: ಹಲ್ ಹೌಸ್.

ಇವರು ಮೊದಲು ಉಪನ್ಯಾಸ ಮಾಡಲಿಲ್ಲ. ನೆರೆಯವರು ಕರೆದ ಕೆಲಸಕ್ಕೆ ಹೋದರು. ಹುಟ್ಟಿದ ಕೂಸಿಗೆ ನೀರೆರೆಯಲು ಕರೆದರು, ಹೋದರು. ಕಾಯಿಲೆಯವರ ಬಳಿ ಕೂರಲು ಕರೆದರು, ಹೋದರು. ಸತ್ತವರನ್ನು ಮಣ್ಣಿಗೆ ಅಣಿಗೊಳಿಸಲು ಕರೆದರು, ಅದಕ್ಕೂ ಹೋದರು. ಮೊದಲ ವಾರಗಳಲ್ಲೇ ಒಂದು ಶಿಶುವಿಹಾರ ತೆರೆಯಿತು.

ಹೀಗೆ ಮನೆಮನೆಯೊಳಗೆ ಹೋದದ್ದರಿಂದ ಬೀದಿಯಲ್ಲಿ ನಿಂತವರಿಗೆ ಕಾಣದ್ದು ಅವರಿಗೆ ಕಂಡಿತು. ತಾಯಂದಿರು ಮಕ್ಕಳನ್ನು ಕೋಣೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಕೂಲಿಗೆ ಹೋಗುತ್ತಿದ್ದರು. ಮೊದಲ ದಿನಗಳಲ್ಲಿ ಅವರು ಕಂಡ ಅಂಗವಿಕಲ ಮಕ್ಕಳು ಮೂವರು. ಒಂದು ಮಗು ಮೇಲಂತಸ್ತಿನ ಕಿಟಕಿಯಿಂದ ಬಿದ್ದಿತ್ತು. ಇನ್ನೊಂದು ಸುಟ್ಟುಕೊಂಡಿತ್ತು. ಮೂರನೆಯದರ ಬೆನ್ನು ಬಾಗಿಹೋಗಿತ್ತು. ಮೂರು ವರ್ಷ ಕಾಲ ಹಗಲೆಲ್ಲ ಅದನ್ನು ಅಡುಗೆಮನೆಯ ಮೇಜಿನ ಕಾಲಿಗೆ ಕಟ್ಟಿರುತ್ತಿದ್ದರು. ಮಧ್ಯಾಹ್ನ ಅದರ ಅಣ್ಣ ಹತ್ತಿರದ ಕಾರ್ಖಾನೆಯಿಂದ ಓಡಿ ಬಂದು, ಕಟ್ಟು ಬಿಚ್ಚಿ, ತನ್ನ ಊಟದಲ್ಲಿ ಪಾಲು ಕೊಟ್ಟು ಹೋಗುತ್ತಿದ್ದ. ಕಟ್ಟಿದ ತಾಯಿ ಕಟುಕಳೇ? ಅಲ್ಲ, ಕಿಟಕಿಗಿಂತ, ಒಲೆಗಿಂತ ಹಗ್ಗವೇ ಮೇಲೆಂದು ತಿಳಿದವಳು. ಆಕೆಗೆ ಬುದ್ಧಿವಾದ ಹೇಳಿ ಫಲವಿಲ್ಲ. ಆಕೆ ದುಡಿದು ಬರುವ ತನಕ ಮಗುವನ್ನು ನೋಡಿಕೊಳ್ಳುವವರು ಬೇಕು. ಹಲ್ ಹೌಸಿನ ಶಿಶುಪಾಲನಾ ಕೇಂದ್ರ ಹುಟ್ಟಿದ್ದು ಹೀಗೆ.

ಮೊದಲನೆಯ ಕ್ರಿಸ್ಮಸ್ಸಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಮಕ್ಕಳಿಗೆ ಮಿಠಾಯಿ ಹಂಚಿದಾಗ ಕೆಲವು ಹುಡುಗಿಯರು ಬೇಡವೆಂದರು. ಮಿಠಾಯಿ ಬೇಡವೆನ್ನುವ ಮಗು ಎಲ್ಲಾದರೂ ಉಂಟೆ? ವಿಚಾರಿಸಿದಾಗ ತಿಳಿಯಿತು: ಅವರು ಮಿಠಾಯಿ ಕಾರ್ಖಾನೆಯಲ್ಲಿ ದುಡಿಯುವವರು, ಆರು ವಾರಗಳಿಂದ ಬೆಳಗಿನ ಏಳರಿಂದ ರಾತ್ರಿ ಒಂಬತ್ತರವರೆಗೆ ಕೆಲಸ. ಅದನ್ನು ಕಂಡರೇ ಅವರಿಗೆ ವಾಕರಿಕೆ. ಹತ್ತಿರದ ಮತ್ತೊಂದು ಕಾರ್ಖಾನೆಯಲ್ಲಿ ಒಂದೇ ಯಂತ್ರಕ್ಕೆ ಮೂವರು ಹುಡುಗರು ಸಿಕ್ಕಿ ಗಾಯಗೊಂಡರು, ಒಬ್ಬ ಸತ್ತ. ಕೆಲವೇ ಡಾಲರು ಬೆಲೆಯ ಒಂದು ಕಾಪು ಆ ಯಂತ್ರಕ್ಕಿರಲಿಲ್ಲ. ಇವುಗಳಿಗೆ ದಾನದಿಂದ ಮದ್ದಿಲ್ಲ, ಕಾನೂನೇ ಬೇಕು ಎಂಬುದು ಆಗ ಮನವರಿಕೆಯಾಯಿತು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಪುಣ್ಯವಂತರ ಸ್ತುತಿಯಾದೀತು. ಅವರು ಎಡವಿದ್ದನ್ನೂ ಹೇಳಬೇಕು. ಅದನ್ನು ಮುಚ್ಚಿಡದೆ ಬರೆದವರು ಜೇನ್ ಆ್ಯಡಮ್ಸರೇ. ಕೇರಿಯ ಜನ ಪುಷ್ಟಿಯಿಲ್ಲದ ಊಟ ಮಾಡುತ್ತಾರೆಂದು, ಶಾಸ್ತ್ರೋಕ್ತವಾಗಿ ಲೆಕ್ಕ ಹಾಕಿ ಬೇಯಿಸಿದ ಆಹಾರವನ್ನು ಅಗ್ಗದ ಬೆಲೆಗೆ ಮಾರುವ ಒಂದು ಅಡುಗೆಮನೆ ತೆರೆದರು. ಜನ ಅಷ್ಟಾಗಿ ಬರಲಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ನಮ್ಮ ಗಾದೆ ಅವರಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ತೆರೆದ ಕಾಫಿ ಮನೆಗೆ ಮಾತ್ರ ಜನ ನಲಿದು ಬಂದರು. ಅಲ್ಲಿ ಕುಳಿತು ಮಾತನಾಡಬಹುದಾಗಿತ್ತು.

ಅಡುಗೆಮನೆಯ ಸೋಲು ನಗುವಂಥದು. ಇನ್ನೊಂದು ಹಾಗಲ್ಲ. 1893ರ ಆರ್ಥಿಕ ಮುಗ್ಗಟ್ಟಿನ ಚಳಿಗಾಲದಲ್ಲಿ, ಕೆಲಸ ಕಳೆದುಕೊಂಡ ಗುಮಾಸ್ತನೊಬ್ಬ ಮನೆಮಂದಿಗಾಗಿ ಸಹಾಯ ಕೇಳಿ ಬಂದ. ನಾಲೆ ತೋಡುವ ಕೆಲಸ ಸಿಗುತ್ತದೆ, ದುಡಿಯಲು ದಾರಿಯಿರುವಾಗ ಸಹಾಯ ಕೇಳುವುದು ತರವಲ್ಲ ಎಂದು ಆ್ಯಡಮ್ಸರು ಹೇಳಿದರು. ದಾನದ ನಿಯಮಗಳು ಹೇಳುತ್ತಿದ್ದುದು ಅದನ್ನೇ. ತಾನು ಯಾವಾಗಲೂ ಒಳಗೆ ಕುಳಿತು ಕೆಲಸ ಮಾಡಿದವನು, ಈ ಚಳಿಯಲ್ಲಿ ಬಯಲಿನ ದುಡಿಮೆ ತಾಳಲಾರೆ ಎಂದ. ಆದರೂ ಹೋದ. ಎರಡು ದಿನ ನಾಲೆ ತೋಡಿದ. ನ್ಯುಮೋನಿಯಾ ಹಿಡಿಯಿತು, ಒಂದು ವಾರದಲ್ಲಿ ತೀರಿಕೊಂಡ. ಇಬ್ಬರು ಎಳೆಯ ಮಕ್ಕಳು ಉಳಿದರು. ಆ ಮಕ್ಕಳನ್ನು ಆ್ಯಡಮ್ಸರು ಮುಂದೆ ಎಂದೂ ಕಣ್ಮರೆಯಾಗಲು ಬಿಡಲಿಲ್ಲ. ಅವರನ್ನು ಕಂಡಾಗಲೆಲ್ಲ ಆ ಪಾಠದ ಕಹಿ ಅವರಿಗೆ ಮರುಕಳಿಸುತ್ತಿತ್ತು. ನಿಯಮ ಎಷ್ಟೇ ಸರಿಯಾಗಿರಲಿ, ಎದುರಿಗೆ ನಿಂತವನ ಬಾಳು, ರೂಢಿ, ಶಕ್ತಿ ತಿಳಿಯದೆ ಅವನಿಗೆ ದಾರಿ ತೋರಿಸುವಂತಿಲ್ಲ. ಓದುಗರೆ, ಬಿಡಾರ ಹೂಡುವುದೇಕೆ, ದೂರದಿಂದ ಹಣ ಕಳುಹಿಸಿದರೆ ಸಾಲದೆ ಎಂಬ ಪ್ರಶ್ನೆಗೆ ಈ ಗುಮಾಸ್ತನ ಸಾವಿಗಿಂತ ದೊಡ್ಡ ಉತ್ತರ ನನಗೆ ತಿಳಿಯದು.

ತಿಳಿದ ಮೇಲೆ ಸುಮ್ಮನಿರುವವರೂ ಅವರಲ್ಲ. ಕಸದ ಸಂಗತಿಯನ್ನೇ ನೋಡಿ. ಹಲ್ ಹೌಸಿನ ಮಹಿಳಾ ಸಂಘದವರು ಓಣಿ ಓಣಿ ತಿರುಗಿ ಸಾವಿರಕ್ಕೂ ಮಿಕ್ಕ ದೂರುಗಳನ್ನು ಬರೆದು ಆರೋಗ್ಯ ಇಲಾಖೆಗೆ ಕೊಟ್ಟರು. ಫಲ ಸಾಲದೆಂದು 1895ರಲ್ಲಿ ಆ್ಯಡಮ್ಸರು ಕಸ ಸಾಗಿಸುವ ಗುತ್ತಿಗೆಗೇ ಅರ್ಜಿ ಹಾಕಿದರು. ಗುತ್ತಿಗೆ ಸಿಗಲಿಲ್ಲ, ಆದರೆ ನಗರಾಧ್ಯಕ್ಷರು ಅವರನ್ನು ಆ ವಾರ್ಡಿನ ಕಸದ ಇನ್ಸ್‌ಪೆಕ್ಟರಾಗಿ ನೇಮಿಸಿದರು. ಬೆಳಗಿನ ಆರಕ್ಕೆದ್ದು ಕಸದ ಗಾಡಿಗಳ ಹಿಂದೆ ಹೊರಟರು. ಒಂದು ಕಿರಿದಾದ ಬೀದಿಯಲ್ಲಿ ಕಸ ಬಗೆದಂತೆಲ್ಲ, ಒಂದೂವರೆ ಅಡಿ ಕೆಳಗೆ ಕಲ್ಲುಹಾಸು ಸಿಕ್ಕಿತಂತೆ. ಅಲ್ಲೊಂದು ರಸ್ತೆ ಇತ್ತೆಂಬುದೇ ಜನಕ್ಕೆ ಮರೆತುಹೋಗಿತ್ತು!

1891ರ ಕೊನೆಯಲ್ಲಿ ಫ್ಲಾರೆನ್ಸ್ ಕೆಲ್ಲಿ ಎಂಬಾಕೆ ಮೂವರು ಮಕ್ಕಳ ತಾಯಿ, ಗಂಡನ ಮನೆ ಬಿಟ್ಟು ಬಂದವರು, ಹಲ್ ಹೌಸಿನ ಆಶ್ರಯಕ್ಕೆ ಬಂದರು. ಆಶ್ರಯ ಬೇಡಿ ಬಂದವರೇ ಆ ಮನೆಯ ಕಂಬವಾದರು. ವಠಾರಗಳ ಕತ್ತಲೆ ಕೋಣೆಗಳಲ್ಲಿ ಬಟ್ಟೆ ಹೊಲಿಯುವ ಹೆಂಗಸರನ್ನೂ ಮಕ್ಕಳನ್ನೂ ಅವರು ಒಂದೊಂದಾಗಿ ಹೋಗಿ ನೋಡಿ ವರದಿ ಮಾಡಿದರು. 1893ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಾನೂನಾಯಿತು: ಕಾರ್ಖಾನೆಗಳಲ್ಲಿ 14 ವರ್ಷಕ್ಕಿಂತ ಕಿರಿಯರು ದುಡಿಯಕೂಡದು, ಹೆಂಗಸರ ದುಡಿಮೆ ದಿನಕ್ಕೆ ಎಂಟು ಗಂಟೆ ಮೀರಕೂಡದು. ಅದನ್ನು ಜಾರಿಗೆ ತರುವ ಮುಖ್ಯ ಇನ್ಸ್‌ಪೆಕ್ಟರ್ ಹುದ್ದೆಯೂ ಕೆಲ್ಲಿಯವರಿಗೇ ಬಂದಿತು. ಎರಡು ವರ್ಷಗಳಲ್ಲೇ ನ್ಯಾಯಾಲಯವು ಎಂಟು ಗಂಟೆಯ ನಿಯಮವನ್ನು ಅಸಿಂಧುಗೊಳಿಸಿತು. ಮಕ್ಕಳ ಕೂಲಿಯನ್ನೇ ನೆಚ್ಚಿದ್ದ ಮನೆಗಳಿಗೆ ಆ ಕಾನೂನು ಕಹಿಯೂ ಆಯಿತು. ಆದರೂ ದಾರಿ ತೆರೆದಿತ್ತು. ತಪ್ಪು ಮಾಡಿದ ಬಾಲಕರನ್ನು ಕಳ್ಳಕಾಕರೊಡನೆ ಕೂಡಿಹಾಕದೆ ಬೇರೆಯಾಗಿ ವಿಚಾರಿಸುವ ಅಮೆರಿಕದ ಮೊದಲ ಬಾಲನ್ಯಾಯಾಲಯವು 1899ರಲ್ಲಿ ಚಿಕಾಗೋದಲ್ಲೇ ಹುಟ್ಟಿತು. ಅದರ ಹಿಂದೆಯೂ ಈ ಮನೆಯ ಹೆಂಗಸರಿದ್ದರು.

ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇನ್ನೂ ಚಿಕ್ಕದು. ಒಂದು ದಿನ ಆ್ಯಡಮ್ಸರು ಇಟಲಿಯ ಮುದುಕಿಯೊಬ್ಬಳು ಬಾಗಿಲ ಬಳಿ ಕುಳಿತು ಕದಿರಿನಿಂದ ನೂಲು ತೆಗೆಯುವುದನ್ನು ಕಂಡರು. ಊರಿನಲ್ಲಿ ಮಾನವಂತೆಯಾಗಿದ್ದ ಆಕೆ ಇಲ್ಲಿ ಭಾಷೆ ಬಾರದ, ಮಕ್ಕಳೇ ನಾಚಿಕೆಪಡುವ ಒಬ್ಬ ಹಳ್ಳಿಗಾತಿ. 1900ರಲ್ಲಿ ಹಲ್ ಹೌಸಿನಲ್ಲಿ ಒಂದು ದುಡಿಮೆಯ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿ ಬೇರೆ ಬೇರೆ ದೇಶದ ತಾಯಂದಿರು ಕುಳಿತು ನೂತರು, ನೇಯ್ದರು. ತಾಯಿಯ ಹಳ್ಳಿಯ ಉಡುಪಿಗೆ ನಾಚಿ ಬೇರೆ ಬಾಗಿಲಿನಿಂದ ಒಳಕ್ಕೆ ಬರುತ್ತಿದ್ದ ಹುಡುಗಿಯೊಬ್ಬಳು, ತನ್ನ ತಾಯಿಯ ಸುತ್ತ ಜನ ನಿಂತು ಅವಳ ಕೈಚಳಕವನ್ನು ಹೊಗಳುವುದನ್ನು ನೋಡಿದಳು. ಆಮೇಲೆ ಅವಳೂ ತಾಯಿಯೊಡನೆ ಒಂದೇ ಬಾಗಿಲಿನಿಂದ ಬಂದಳು. ಒಂದು ಕೇಂದ್ರವು ಒಂದು ಸಂಸಾರಕ್ಕೆ ಮಾಡಬಹುದಾದ ಉಪಕಾರದಲ್ಲಿ ಇದು ಸಣ್ಣದೆ?

ಈ ದಾರಿ ನಮ್ಮ ದೇಶಕ್ಕೂ ಬಂದಿತು. 1920ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಮಿಷನರಿ ಮುಂಬಯಿಯ ನಾಗಪಾಡಾದಲ್ಲಿ ಇಂಥದೇ ಒಂದು ನೆರೆಮನೆಯನ್ನು ಕಟ್ಟಿದರು. ಅದರ ಹೆಸರೇ ‘ನೇಬರ್‌ಹುಡ್ ಹೌಸ್’. ಹಲವು ಮತಗಳ ಬಡಜನ ಒತ್ತೊತ್ತಾಗಿ ಬಾಳುವ ಬಡಾವಣೆ ಅದು. ಅಲ್ಲಿ ಕೆಲಸ ಮಾಡುತ್ತ ಅವರಿಗೆ ಒಂದು ಕೊರತೆ ಎದ್ದು ಕಂಡಿತು: ಮರುಕವಿದ್ದವರು ಬೇಕಾದಷ್ಟು, ತರಬೇತಾದವರಿಲ್ಲ. 1936ರಲ್ಲಿ ಸರ್ ದೊರಾಬ್ಜಿ ಟಾಟಾ ಟ್ರಸ್ಟಿನ ನೆರವಿನಿಂದ ಅದೇ ಕಟ್ಟಡದಲ್ಲಿ ಸಮಾಜಕಾರ್ಯದ ಶಾಲೆಯೊಂದು ತೆರೆಯಿತು. ಮ್ಯಾನ್ಶಾರ್ಟರೇ ಮೊದಲ ನಿರ್ದೇಶಕರು. 1944ರಲ್ಲಿ ಅದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎಂಬ ಹೆಸರು ತಳೆಯಿತು, 1954ರಲ್ಲಿ ದೇವನಾರಿಗೆ ಹೋಯಿತು. ಅದೇ ಮುಂಬಯಿಯಲ್ಲಿ, ಕರಾವಳಿಯಿಂದ ಹೋದ ನಮ್ಮ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡಿಗರೇ ನಡೆಸಿದ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತದ್ದನ್ನೂ ನೆನೆಯಬೇಕು. ಅದು ಟಾಯ್ನ್‌ಬೀ ಹಾಲಿನಿಂದ ಕಲಿತದ್ದಲ್ಲ. ನೆರೆಯವರ ಕಷ್ಟ ನೆರೆಯವರಿಗೆ ತಾನಾಗಿ ತಿಳಿದದ್ದು.

ಈ ಮನೆಗಳು ಏನಾದವು? ಲ್ಯಾನ್ಸ್‌ಬರಿಯವರ ಆಕ್ಷೇಪಣೆಯಲ್ಲಿ ನಿಜವಿತ್ತು. ಟಾಯ್ನ್‌ಬೀ ಹಾಲಿನ ತರುಣರು ದೊಡ್ಡ ಹುದ್ದೆಗಳಿಗೆ ಏರಿದರು. ಆದರೆ ಏರಿದವರಲ್ಲಿ ಕೆಲವರು ಕೇರಿಯನ್ನು ಮರೆಯಲಿಲ್ಲ. ಬಂಗಾಳದ ರಂಗಪುರದಲ್ಲಿ ಹುಟ್ಟಿದ ವಿಲಿಯಂ ಬೆವರಿಜ್ 1903ರಿಂದ ಅಲ್ಲಿ ಉಪಾಧ್ಯಕ್ಷರಾಗಿದ್ದವರು. ರೋಗ, ನಿರುದ್ಯೋಗ, ಮುಪ್ಪುಗಳಲ್ಲಿ ಪ್ರತಿ ಪ್ರಜೆಗೂ ರಕ್ಷಣೆ ಬೇಕೆಂಬ 1942ರ ವರದಿ ಅವರದು. ಅಲ್ಲಿ ಕೆಲಕಾಲ ಕಾರ್ಯದರ್ಶಿಯಾಗಿದ್ದ ಕ್ಲೆಮೆಂಟ್ ಆ್ಯಟ್ಲಿ 1945ರಲ್ಲಿ ಪ್ರಧಾನಿಯಾಗಿ ಅದನ್ನು ಕಾನೂನಾಗಿಸಿದರು. 1947ರಲ್ಲಿ ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿಯೂ ಅವರೇ. ಜೇನ್ ಆ್ಯಡಮ್ಸರಿಗೆ 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ದೊರೆಯಿತು. 1935ರಲ್ಲಿ ಅವರು ತೀರಿಕೊಂಡರು. ಹತ್ತಕ್ಕೂ ಹೆಚ್ಚು ಕಟ್ಟಡಗಳಾಗಿ ಬೆಳೆದಿದ್ದ ಹಲ್ ಹೌಸಿನ ಬಹುಭಾಗವನ್ನು 1960ರ ದಶಕದಲ್ಲಿ ವಿಶ್ವವಿದ್ಯಾನಿಲಯಕ್ಕಾಗಿ ಕೆಡವಿದರು. ಮೊದಲ ಮನೆಯೂ ಊಟದ ಶಾಲೆಯೂ ವಸ್ತುಸಂಗ್ರಹಾಲಯವಾಗಿ ಉಳಿದವು. ಅದರ ಹೆಸರಿನಲ್ಲಿ ಸೇವೆ ಮುಂದುವರಿಸಿದ್ದ ಸಂಸ್ಥೆ 2012ರಲ್ಲಿ ಹಣವಿಲ್ಲದೆ ಬಾಗಿಲು ಮುಚ್ಚಿತು. ಟಾಯ್ನ್‌ಬೀ ಹಾಲ್ ಮಾತ್ರ ಯುದ್ಧದ ಬಾಂಬುಗಳನ್ನು ದಾಟಿ ಇಂದಿಗೂ ನಡೆಯುತ್ತಿದೆ.

ಮನೆಗಳು ಬೀಳುತ್ತವೆ, ಸಂಘಗಳು ಮುಚ್ಚುತ್ತವೆ. ಕಲಿತದ್ದು ಉಳಿಯುತ್ತದೆ. ದುಡಿಯುವ ತಾಯಿಯ ಮಗುವನ್ನು ನೋಡಿಕೊಳ್ಳುವುದು ದಾನವಲ್ಲ, ಊರಿನ ಕೆಲಸ ಎಂಬ ಮಾತು ಆ ಮೇಜಿನ ಕಾಲಿಗೆ ಕಟ್ಟಿದ ಮಗುವಿನ ದಿನಗಳಲ್ಲಿ ಹೊಸದಾಗಿತ್ತು. ನಮ್ಮ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಗಾಂಧಿ ಜಯಂತಿಯಂದು ಆರಂಭವಾದಾಗ, ಕರ್ನಾಟಕದಲ್ಲಿ ಮೊದಲು ಆರಿಸಿದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ಇಂದು ಅಂಗನವಾಡಿ ಎಂದರೆ ತಿಳಿಯದ ಊರಿಲ್ಲ. ಆದರೆ ಅಂಗನವಾಡಿಯ ಬಾಗಿಲು ತೆರೆದಿದ್ದರೂ ಅಲ್ಲಿಗೆ ಬಾರದ ಮಗು ಯಾವುದು, ಏಕೆ ಬರಲಿಲ್ಲ ಎಂಬುದು ಕಡತಕ್ಕೆ ತಿಳಿಯದು. ಅದು ಪಕ್ಕದ ಮನೆಯವರಿಗೆ ತಿಳಿದಿರುತ್ತದೆ.

ಇನ್ನೊಮ್ಮೆ ನಿಮ್ಮ ರೇಡಿಯೋದ ಗುಂಡಿ ತಿರುಗಿಸುವಾಗ ವೈಟ್‌ಚಾಪೆಲ್ಲಿನ ಆ ಗಂಟೆಯನ್ನು ನೆನೆಯಿರಿ. ನಡುವೆ ತಂತಿಯಿಲ್ಲದಿದ್ದರೂ ಇಲ್ಲಿ ಒತ್ತಿದರೆ ಅಲ್ಲಿ ಬಾರಿಸಿತು. ಸಾವಿರಾರು ಮೈಲಿಯಾಚೆಯ ದನಿ ಇಂದು ನಮ್ಮ ನಡುಮನೆಗೆ ಬರುತ್ತದೆ. ಗೋಡೆಯಾಚೆಯ ಮನೆಯಲ್ಲಿ ಬೀಗ ಹಾಕಿದ ಕೋಣೆಯೊಳಗೆ ಅಳುವ ಕೂಸಿನ ದನಿಯೂ ಬರುವಂತಾಗಲೆಂದೇ ಆ ಮನೆಗಳವರು ನೆರೆಯವರಾಗಿ ಬಂದು ನಿಂತರು.